ಆ ಐದರಲ್ಲಿ ಒಂದು ಮನೆ

ಶನಿವಾರ ರಗ್ಬಿ ಆಟ ಮುಗಿದರೆ ಆ ವೇಲ್ಸ್ ಪೇಟೆಯ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಯಾರೂ ತಮ್ಮೊಬ್ಬರಿಗೇ ಕುಡಿಯಲು ತರುವುದಿಲ್ಲ. ಈ ಸರದಿ ನಿನ್ನದು, ಮುಂದಿನದು ನನ್ನದು ಅಂತ ಇಡೀ ಮೇಜಿಗೆ ತರುತ್ತಾರೆ. ಮುಂದೆ ಬಂದ ಗ್ಲಾಸನ್ನು ಬೇಡ ಅಂದರೆ ಬಿಂಕದವಳು ಅನ್ನಿಸಿಕೊಳ್ಳಬೇಕು.

ಅಂಥ ಒಂದು ಶನಿವಾರ ಸಂಜೆ ಐದೂವರೆಗೆ ಅದೇ ಪೇಟೆಯ ಮೆನ್ನಾಳ ಮಗಳು ನೆಸ್ಟ್, ಕ್ಲಬ್ಬಿನಿಂದ ಹೊರಟವಳು, ಬಸ್ ನಿಲ್ದಾಣದಲ್ಲಿ ಕುಸಿದು ಕೂತಿದ್ದಳು. ಯಾರೋ ಫೋನ್ ಮಾಡಿದ್ದಕ್ಕೆ ಪೊಲೀಸಿನವನೊಬ್ಬ ಮನೆಗೆ ಕರೆತಂದ.

"ಅಮ್ಮಾ, ನಾನು ಕುಡಿದಿದ್ದು ಅರ್ಧ ಗ್ಲಾಸು ಸೇಬಿನ ಸೈಡರ್. ಅದಕ್ಕೆ ಯಾರೋ ಏನೋ ಹಾಕಿದಾರೆ," ಎಂದು ಬಾಗಿಲಲ್ಲೇ ತೊದಲಿದಳು.

ಎದುರುಮನೆಯ ಕಿಟಕಿ ಪರದೆ ಅಲುಗಿತು. ಮೆನ್ನಾಳಿಗೆ ಮಾನ ಹೋದಂತಾಯಿತು. "ಹೆಚ್ಚು ಕುಡಿದಿದಾಳೆ ಅಷ್ಟೇ ಸರ್, ನಿಮಗೆ ಸುಮ್ಮನೆ ತೊಂದ್ರೆ," ಎಂದು ಅವನನ್ನು ಸಾಗಹಾಕಿದಳು. ಮರುದಿನವೆಲ್ಲ ಮಗಳನ್ನು ಮಲಗಲು ಬಿಟ್ಟಳು, ಎದ್ದ ಮೇಲೆ ಬಾಯಿಗೆ ಬಂದಂತೆ ಬೈದಳು. ನೆಸ್ಟ್ ಬಟ್ಟೆ ತುಂಬಿಕೊಂಡು ಗೆಳತಿಯ ಮನೆ ಸೇರಿದಳು. ಮೂರು ವಾರವಾದರೂ ಒಂದು ಫೋನಿಲ್ಲ.

ಪಕ್ಕದ ಮನೆಯ ಐರ್ಲಿಸ್ ಲೈಬ್ರರಿಯಲ್ಲಿದ್ದು ನಿವೃತ್ತಳಾದವಳು. ಅವಳ ಮುಂದೆ ಮೆನ್ನಾ ಗೋಳು ತೋಡಿಕೊಂಡಳು. "ನಮ್ಮ ಕ್ಲಬ್ಬಲ್ಲಿ ಅಂಥದ್ದೆಲ್ಲಾ ನಡೆಯುತ್ತಾ? ಕುಡಿದು ಬಂದು ಕಥೆ ಕಟ್ತಾಳೆ."

"ನಡೆಯುತ್ತೋ ಇಲ್ವೋ, ಪೊಲೀಸರನ್ನೇ ಕೇಳೋಣ."

"ಅವರ ದಾಖಲೆ ನಮ್ಮಂಥವರಿಗೆ ಕೊಡ್ತಾರಾ? ನೀನೊಬ್ಬಳು."

"ಯಾರ ಹೆಸರನ್ನೂ ಕೊಡಲ್ಲ ಮಾರಾಯ್ತಿ. ಎಷ್ಟು ದೂರು ಬಂತು, ಅದು ಏನಾಯ್ತು ಅಂತ ಕೇಳಬಹುದು. ಕಾರಣ ಹೇಳಬೇಕಿಲ್ಲ, ವಕೀಲರೂ ಬೇಡ. ಒಂದು ಇಮೇಲ್ ಸಾಕು. ಇಪ್ಪತ್ತು ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಮಾಹಿತಿ ಹಕ್ಕಿನ ಕಾನೂನೇ ಹಾಗಿದೆ."

"ಕೇಳು ಹಾಗಾದ್ರೆ. ಒಂದೂ ಇಲ್ಲ ಅಂತ ಬರುತ್ತೆ, ನೋಡ್ತಿರು."

ಐರ್ಲಿಸ್ ಇಮೇಲ್ ಕಳಿಸಿದ ನಾಲ್ಕನೇ ವಾರ ಉತ್ತರ ಬಂತು. ಅವಳು ಅದನ್ನು ಪ್ರಿಂಟ್ ಮಾಡಿ ತಂದು ಮೆನ್ನಾಳ ಅಡುಗೆಮನೆಯಲ್ಲೇ ಓದಿದಳು. ಗ್ಲಾಸಿಗೆ ಏನೋ ಬೆರೆಸಿದರೆಂಬ ದೂರು, ನಮ್ಮ ಪೇಟೆಯದ್ದೇ, ಇಲ್ಲಿಯವರೆಗಿನ ಒಂದು ವರ್ಷಕ್ಕೆ ಹದಿನೇಳು. ಪರೀಕ್ಷೆಗೆ ಮೂತ್ರ ಕೊಟ್ಟವರು ಆರೇ ಜನ.

"ಉಳಿದವರು?"

"ತಡ ಮಾಡಿರ್ತಾರೆ. ಕೆಲವು ಮದ್ದು ಅರ್ಧ ದಿನದಲ್ಲೇ ಮೈಯಿಂದ ಹೋಗಿಬಿಡ್ತವೆ." ಐರ್ಲಿಸ್ ಕೊನೆಯ ಸಾಲಿಗೆ ಬಂದು ತಡವರಿಸಿದಳು. "ಕುಡಿದಿದ್ದಾರೆ ಅಷ್ಟೇ ಎಂದು ಮನೆಯವರೇ ಹೇಳಿದ್ದರಿಂದ ಮುಚ್ಚಿದ ದೂರುಗಳು: ಐದು."

ಮೆನ್ನಾ ಕಾಗದ ಕಸಿದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದಳು. ಪೊಲೀಸಿನವನ ಎದುರು ಮಗಳು ಬಾಗಿಲಲ್ಲಿ ಆಡಿದ ಮಾತು ದೂರೇ ಆಗಿತ್ತು. ಅದನ್ನು ಮುಚ್ಚಿಸಿದ್ದು ಪೊಲೀಸರಲ್ಲ, ಕ್ಲಬ್ಬಲ್ಲ, ತಾನೇ. ಕೋಟು ಹಾಕಿಕೊಂಡು, ಕಾಗದ ಹಿಡಿದು, ನೇರ ನೆಸ್ಟ್ ಇದ್ದ ಮನೆಗೆ ನಡೆದಳು.

"ಏನಿದು?" ಎಂದಳು ನೆಸ್ಟ್, ಬಾಗಿಲು ಅರ್ಧ ತೆರೆದು, ಅಮ್ಮ ಚಾಚಿದ ಕಾಗದ ನೋಡಿ.

"ಪೊಲೀಸರ ಉತ್ತರ. ಕೊನೇ ಸಾಲಲ್ಲಿ ಐದು ಅಂತಿದೆಯಲ್ಲ, ಅದರಲ್ಲಿ ಒಂದು ನಾನು ಕಣೇ. ನಿನ್ನ ಮಾತನ್ನ ನಾನೇ ಅಳಿಸಿಹಾಕಿದೆ."

ನೆಸ್ಟ್ ಅದನ್ನು ಎರಡು ಸಲ ಓದಿದಳು. "ಇನ್ನು ನಾಲ್ಕು ಜನ ಯಾರಮ್ಮಾ?"

"ಹೆಸರು ಕೊಡಲ್ಲವಂತೆ. ಅವರ ಅಮ್ಮಂದಿರಿಗೆ ಗೊತ್ತಿರುತ್ತೆ."

ಬಾಗಿಲು ಪೂರ್ತಿ ತೆರೆಯಿತು. ಇಬ್ಬರೂ ಠಾಣೆಗೆ ಹೋದರು. "ಅವತ್ತು ನಾನು ಹೇಳಿದ್ದು ತಪ್ಪು. ನನ್ನ ಮಗಳು ಹೇಳೋದನ್ನ ಬರ್ಕೊಳ್ಳಿ," ಎಂದಳು ಮೆನ್ನಾ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನ ಪೊಲೀಸರಲ್ಲೂ ಇಂಥ ಲೆಕ್ಕ ಇರುತ್ತದೆ. ಅದನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ನಿಮ್ಮ ಮನೆಯ ಮಗು ತೊದಲುತ್ತಾ ಬಾಗಿಲಿಗೆ ಬಂದರೆ ಮಲಗಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಪರೀಕ್ಷೆ ಮಾಡಿಸಿ, ದೂರು ಬರೆಸಿ. ಎದುರುಮನೆಯ ಪರದೆ ಅಲುಗಿದರೆ ಅಲುಗಲಿ. ಮೊದಲು ಮಗುವನ್ನು ನಂಬಿ.