ಉಪ್ಪಿನ ಬಾಗಿಲು

ದರ್ಜಿಯ ಕೈ ನಡುಗತೊಡಗಿ ಮೂರು ವಾರವಾಗಿತ್ತು. ದಾರ ಪೋಣಿಸಲು ಕೂತರೆ ಸೂಜಿ ಒಂದು ಕಡೆ, ದಾರ ಇನ್ನೊಂದು ಕಡೆ. ಮಾತೂ ನಾಲಿಗೆಯ ಮೇಲೆ ಎಡವುತ್ತಿತ್ತು. ಅವನ ಹೆಂಡತಿ ಕಂಡೂ ಕಾಣದವಳಂತೆ ದಿನ ತಳ್ಳಿದಳು. ದಣಿದ ಜೀವ, ಆಸ್ಪತ್ರೆಯ ಬೆಂಚು ನೆನೆದರೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ಅವನು ಗಿರಾಕಿಯ ಅಂಗಿಯ ತೋಳಿಗೆ ತನ್ನ ಹೆಬ್ಬೆರಳನ್ನೂ ಸೇರಿಸಿ ಹೊಲಿದುಕೊಂಡ ದಿನ, ಅಂಗಡಿಗೆ ಬೀಗ ಜಡಿದು ಕರೆದುಕೊಂಡು ಹೊರಟಳು.

ಮನಸ್ಸಿನ ಕಾಯಿಲೆಗೆ ಅವನು ದಿನವೂ ನುಂಗುವ ಲಿಥಿಯಂ ಮಾತ್ರೆಯದೇ ಈ ನಡುಕ, ಅದನ್ನು ಇವತ್ತು ನಿಲ್ಲಿಸಿಯೇ ಬಿಡಬೇಕು ಎಂದು ದಾರಿಯಲ್ಲಿ ಗಟ್ಟಿ ಮನಸ್ಸು ಮಾಡಿಕೊಂಡಳು. ಮರುಗಳಿಗೆಗೆ ಹಳೆಯದು ನೆನಪಾಯಿತು. ಹನ್ನೆರಡು ವರ್ಷದ ಹಿಂದೆ, ಮಾತ್ರೆ ಇಲ್ಲದ ಕಾಲದಲ್ಲಿ, ಈ ಪುಣ್ಯಾತ್ಮ ಹನ್ನೊಂದು ಗಿರಾಕಿಗಳ ಬಟ್ಟೆಯನ್ನು ಒಂದೇ ಹಗಲಲ್ಲಿ, ಒಂದೇ ಅಳತೆಗೆ ಕತ್ತರಿಸಿ ಹಾಕಿದ್ದ. ದೇವರ ಮುಂದೆ ಎಲ್ಲರೂ ಸಮ ಎಂಬುದು ಅವನ ವಾದ. ದೇವರು ಮೆಚ್ಚಿದನೋ ಏನೋ, ಗಿರಾಕಿಗಳಂತೂ ಮೆಚ್ಚಲಿಲ್ಲ. ಮಾತ್ರೆ ನುಂಗಿದರೆ ಕೈ ಹೋಗುತ್ತದೆ, ಬಿಟ್ಟರೆ ಮನುಷ್ಯನೇ ಹೋಗುತ್ತಾನೆ. ಭಗವಂತಾ, ನೀನೇ ದಾರಿ ತೋರಿಸು ಎಂದುಕೊಂಡಳು.

ರಕ್ತ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಲಿಥಿಯಂ ಮಿತಿ ಮೀರಿತ್ತು. ಮರೆತು ಎರಡೆರಡು ಸಲ ಕೊಟ್ಟಿರಾ ಎಂದು ಕೇಳಿದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು. ವಾಂತಿ, ಭೇದಿ, ಬೇರೆ ಮಾತ್ರೆ? ಒಂದೂ ಇಲ್ಲ. ಊಟದಲ್ಲಿ ಏನಾದರೂ ಬದಲು?

ಊಟದಲ್ಲೇನಿದೆ ಎಂದು ಅವಳು ಸುಮ್ಮನೆ ಹೇಳಿದಳು: ತನಗೆ ರಕ್ತದೊತ್ತಡ, ಉಪ್ಪು ಬೇಡವೆಂದಿದ್ದಾರೆ. ಎರಡೆರಡು ಪಾತ್ರೆ ಇಡಲು ರಟ್ಟೆಯಲ್ಲಿ ಕಸುವಿಲ್ಲ, ಅದಕ್ಕೇ ತಿಂಗಳ ಮೇಲಾಯಿತು, ಇಬ್ಬರಿಗೂ ಸಪ್ಪೆಯೇ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಅಲ್ಲೇ ಇದೆ ನೋಡಿ ಅಮ್ಮ. ಉಪ್ಪು ಕಡಿಮೆಯಾದ್ರೆ ಮೂತ್ರಪಿಂಡ ಇರೋದನ್ನ ಬಿಡದೆ ಹಿಡಿದಿಟ್ಕೊಳ್ಳುತ್ತೆ. ಉಪ್ಪಿನ ಸೋಡಿಯಂ ಯಾವುದು, ಲಿಥಿಯಂ ಯಾವುದು ಅಂತ ಅದಕ್ಕೆ ಪೂರ್ತಿ ಗೊತ್ತಾಗಲ್ಲ. ಎರಡನ್ನೂ ಹಿಡ್ಕೊಳ್ಳುತ್ತೆ. ಮೆದುಳಲ್ಲೂ ಹಾಗೇ. ಸೋಡಿಯಂಗೆ ಅಂತ ಇರೋ ಬಾಗಿಲಲ್ಲೇ ಇದೂ ಒಳಗೆ ನುಸುಳುತ್ತೆ. ಸೋಡಿಯಂನ ಹೊರಗೆ ದಬ್ಬೋಕೆ ಪಂಪು ಇದೆ, ಇದನ್ನ ಅದು ಸರಿಯಾಗಿ ದಬ್ಬಲ್ಲ. ಒಳಗೇ ಕೂತುಬಿಡುತ್ತೆ.”

ಹಾಗಾದರೆ ಮಾತ್ರೆಯದಲ್ಲ ತಪ್ಪು, ನನ್ನ ಕೈಯದು ಎಂದಳು ಅವಳು. ಉಪ್ಪಿನ ವಿಷಯ ಮೊದಲೇ ಹೇಳದೆ ಇದ್ದ ನಮ್ಮದೂ ತಪ್ಪೇ ಎಂದರು ಅವರು. ಸದ್ಯಕ್ಕೆ ಮಾತ್ರೆ ಬೇಡ, ಎರಡು ದಿನ ಇಲ್ಲೇ ಇರಲಿ, ರಕ್ತ ಮತ್ತೆ ನೋಡಿ ಶುರು ಮಾಡೋಣ. ರಕ್ತದಿಂದ ಬೇಗ ಇಳಿಯುತ್ತದೆ, ಮೆದುಳಿನಿಂದ ನಿಧಾನ; ನಡುಕ ಇನ್ನೂ ಕೆಲವು ದಿನ ಇದ್ದರೆ ಗಾಬರಿಯಾಗಬೇಡಿ. ಇನ್ನು ಮೇಲೆ ಅವರ ಊಟಕ್ಕೆ ಉಪ್ಪು ದಿನವೂ ಒಂದೇ ಹದದಲ್ಲಿರಲಿ.

ಮಂಚದ ಮೇಲೆ ದರ್ಜಿ ಮಲಗಿದ. ಬಾಟಲಿಯಿಂದ ಉಪ್ಪುನೀರು ತೊಟ್ಟು ತೊಟ್ಟಾಗಿ ಅವನ ತೋಳಿಗೆ ಇಳಿಯುತ್ತಿತ್ತು. ಅವಳು ಕಾಲಬುಡದ ಸ್ಟೂಲಿನ ಮೇಲೆ ಕುಸಿದು ಕೂತಳು.

“ತಿಂಗಳಿಡೀ ಸಪ್ಪೆ ತಿಂದ್ರಲ್ಲ, ಒಂದು ಮಾತು ಹೇಳಬಾರದಿತ್ತೇನ್ರೀ?”

ಅವನು ಅವಳ ಕಡೆ ಮುಖ ಹೊರಳಿಸಿದ.

“ಹೇಳಿದ್ರೆ ಏನಾಗ್ತಿತ್ತು? ಊಟ ರುಚಿಯಿಲ್ಲ ಅಂದ್ರೆ ಕಾಯಿಲೆ ಮರುಕಳಿಸ್ತು ಅಂತ ಮಾತ್ರೆ ಜಾಸ್ತಿ ಮಾಡಿಸ್ತಿದ್ದೆ ನೀನು.”

ಅವನ ಮಾತು ಸುಳ್ಳಲ್ಲ. ಅವನು ನಕ್ಕರೆ, ಅತ್ತರೆ, ಕಿಟಕಿ ಹಾಕೆಂದರೆ, ಎಲ್ಲದಕ್ಕೂ ಕಾಯಿಲೆಯ ಹೆಸರು ಹಚ್ಚಿ ಅವಳು ಹನ್ನೆರಡು ವರ್ಷ ಕಳೆದಿದ್ದಳು. ಸ್ಟೂಲನ್ನು ತಲೆದಿಂಬಿನ ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೂ ಏನೇನು ನುಂಗಿಕೊಂಡಿದ್ದೀರಿ, ಹೇಳಿ.”

ಅವನು ಮೊದಲು ಅಂಜಿದ. ಆಮೇಲೆ ತೊದಲುತ್ತಲೇ ಶುರು ಮಾಡಿದ: ಅಂಗಡಿಯ ಕತ್ತರಿಗಳನ್ನು ಅವಳು ಎಣಿಸಿಡುವುದು ಅವನಿಗೆ ಹಿಡಿಸುವುದಿಲ್ಲ, ಅವಳ ತಮ್ಮ ಬಂದಾಗಲೆಲ್ಲ ತನ್ನನ್ನು ಮಗುವಿನಂತೆ ಮಾತಾಡಿಸುತ್ತಾನೆ, ಆ ಹಸಿರು ಹೊದಿಕೆ ಮೈಗೆ ಚುಚ್ಚುತ್ತದೆ. ಅವಳು ಕಣ್ಣು ಮುಚ್ಚಿಕೊಂಡು, ಹೂಂಗುಟ್ಟುತ್ತಾ ಕೇಳಿದಳು.