ಅಜೀಜಾಬಿಯ ಸಂಚಿಯಲ್ಲಿದ್ದ ಕೀಲಿಕೈ

ಯಮನೂರಿನ ಮಡಿವಾಳೆಪ್ಪನ ಮನೆಯಲ್ಲಿ ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ಜೋಳದ ಚೀಲದ ಪಕ್ಕದಲ್ಲೇ ಇರುತ್ತಿತ್ತು. ಹೈಬ್ರಿಡ್ ಹತ್ತಿ ಬಂದ ಮೇಲೆ ಊರಿನ ಎಷ್ಟೋ ಮನೆಗಳಲ್ಲಿ ಹೀಗೇ. ಅದು ವಿಷ. ಆದರೆ ಎಲ್ಲರ ಬಾಯಲ್ಲೂ ಅದರ ಹೆಸರು ಬರೀ ‘ಎಣ್ಣಿ’! ಉಪ್ಪಿನಕಾಯಿ ಭರಣಿಯ ಮೇಲಿದ್ದ ಕಾಳಜಿ ಆ ಡಬ್ಬಿಯ ಮೇಲಿರಲಿಲ್ಲ.

ಕೂಸಿಗೆ ಲಸಿಕೆ ಹಾಕಲು ಬಂದ ನರ್ಸ್ ವತ್ಸಲಾಬಾಯಿ ಅದನ್ನು ನೋಡಿದರು.

“ಮಡಿವಾಳೆಪ್ಪ, ಇದನ್ನ ಪೆಟಗ್ಯಾಗ ಇಟ್ಟು ಕೀಲಿ ಹಾಕ್ರಿ. ಕೀಲಿಕೈ ಬಾಜು ಮನ್ಯಾಗ ಕೊಡ್ರಿ.”

ಮಡಿವಾಳೆಪ್ಪ ನಕ್ಕ. “ಯಾಕ್ರಿ ಬಾಯಾರ, ನಮ್ಮ ಮನ್ಯಾಗ ಕಳ್ಳರದಾರೇನ್ರಿ?”

“ಕಳ್ಳರ ಸಲುವಾಗಿ ಅಲ್ರಿ, ಮನಿ ಮಂದಿ ಸಲುವಾಗಿ. ಕೂಸು ಅಂಬೆಗಾಲ ಇಡ್ಲಿಕ್ಕೆ ಹತ್ತೇದ. ದೊಡ್ಡವ್ರಿಗೂ ಒಮ್ಮೊಮ್ಮೆ ಜೀವ ಬ್ಯಾಸರಾಗಿ ಸಾಯೂ ವಿಚಾರ ಬರ್ತದ.”

“ಸಾಯಬೇಕಂದಾಂವಗ ಕೀಲಿ ಅಡ್ಡ ಬರ್ತೈತೇನ್ರಿ?”

“ಬರ್ತದ್ರಿ. ಆ ವಿಚಾರ ಅಗದಿ ಜೋರ ಇರೂದು ಭಾಳ ಸಲ ಸ್ವಲ್ಪ ಹೊತ್ತು. ಆಮ್ಯಾಲ ಇಳೀತದ. ಆ ಹೊತ್ತಿನ್ಯಾಗ ಕೈಗೆ ಸಿಗದಿದ್ರ ಜೀವ ಉಳೀತದ. ಹಂಗ ಉಳದವ್ರು ಎಷ್ಟೋ ಮಂದಿ ಮುಂದ ಛಲೋ ಬಾಳೇವು ಮಾಡ್ಯಾರ.”

ಹೆಂಡತಿ ಗುರವ್ವ ವಾದಕ್ಕೆ ಇಳಿಯಲಿಲ್ಲ. ತವರಿಂದ ತಂದ ಟ್ರಂಕು ಬರಿದು ಮಾಡಿ ದನದ ಕೊಟ್ಟಿಗೆಗೆ ಸಾಗಿಸಿದಳು. ಡಬ್ಬಿ ಅದರೊಳಗೆ ಹೋಯಿತು. ಕೀಲಿಕೈ ಬಾಜು ಮನೆಯ ಮುದುಕಿ ಅಜೀಜಾಬಿಯ ಎಲೆ ಅಡಿಕೆ ಸಂಚಿ ಸೇರಿತು.

“ನನ್ನ ಡಬ್ಬಿಗೆ ಅಜೀಜಾಬಿ ಚಾಚಿ ಕಾವಲು!” ಎಂದು ಮಡಿವಾಳೆಪ್ಪ ಊರೆಲ್ಲ ಹೇಳಿಕೊಂಡು ನಗಿಸಿದ. ನಗಿಸುವವನ ಹೊಟ್ಟೆಯೊಳಗೆ ಮೂರು ತಿಂಗಳಿಂದ ನೋವಿತ್ತು. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಗಂಡಸಲ್ಲವೇ, ಹೇಳಿದರೆ ಮಾನ ಹೋದೀತು!

ಒಂದು ಮಧ್ಯಾಹ್ನ ಅವನು ಅಜೀಜಾಬಿಯ ಬಾಗಿಲಲ್ಲಿ ನಿಂತ.

“ಚಾಚಿ, ಕೀಲಿಕೈ ಕೊಡ್ರಿ. ಎಣ್ಣಿ ಹೊಡೀಬೇಕು.”

ಸಂಚಿಗೆ ಹೋದ ಕೈ ಅಲ್ಲೇ ನಿಂತಿತು. ಅಂಗಳದ ಧೂಳು ಎದ್ದು ಹಾರುತ್ತಿತ್ತು. ಇಂಥ ಗಾಳಿಯಲ್ಲಿ ಯಾವ ರೈತನೂ ಔಷಧ ಹೊಡೆಯುವುದಿಲ್ಲ. ಅವನ ಬೆನ್ನಿಗೆ ಪಂಪೂ ಇರಲಿಲ್ಲ. ಅಜೀಜಾಬಿ ಅವನ ಮುಖ ನೋಡಿದಳು.

“ಒಳಗ ಬಾ ತಮ್ಮಾ, ಕುಂದರು. ಚಾ ಕುಡಿ.”

“ಚಾ ಬ್ಯಾಡ. ಕೀಲಿಕೈ ಕೊಡ್ರಿ.”

“ಕೊಡೂದಿಲ್ಲ. ಖರೇ ಹೇಳು, ಸಾಯೂ ವಿಚಾರ ಮಾಡೀಯೇನು?”

ಹಾಗೆ ನೇರವಾಗಿ ಅವನನ್ನು ಯಾರೂ ಕೇಳಿರಲಿಲ್ಲ. ಮಡಿವಾಳೆಪ್ಪ ಕಟ್ಟೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟ. “ಹೊಟ್ಟಿ ನೋವು ತಡಿಯಾಕ ಆಗವಲ್ತು ಚಾಚಿ. ಕಣ್ಣಿಗೆ ನಿದ್ದಿ ಇಲ್ಲ. ಎಲ್ಲಾರಿಗೂ ಭಾರ ಆಗೇನಿ.”

ಅಜೀಜಾಬಿ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಗೋಡೆಯಾಚೆಗೆ ಕೂಗಿ ಗುರವ್ವನನ್ನು ಕರೆದಳು. ಅವನ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಗುರವ್ವ ಬಂದು ಚಾ ಕಾಸಿ ಕೊಟ್ಟಳು; ಅದು ಮುಗಿಯುವಷ್ಟರಲ್ಲಿ ಅವನ ಅಳು ನಿಂತಿತು. ಇಬ್ಬರೂ ಅವನನ್ನು ಒಂಟಿ ಬಿಡಲಿಲ್ಲ. ಅಂದೇ ಬಸ್ಸು ಹತ್ತಿಸಿ ನವಲಗುಂದದ ಡಾಕ್ಟರ ಹತ್ತಿರ ಕರೆದೊಯ್ದರು. ಹೊಟ್ಟೆಯಲ್ಲಿ ಹುಣ್ಣು, ವಾಸಿಯಾಗುವ ರೋಗ! ಕುಗ್ಗಿದ ಮನಸ್ಸಿಗೂ ಔಷಧ ಇದೆ ಎಂದು ಹೇಳಿ ಡಾಕ್ಟರು ಎರಡಕ್ಕೂ ಗುಳಿಗೆ ಕೊಟ್ಟರು.

ಎರಡು ತಿಂಗಳ ಮೇಲೆ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಮಡಿವಾಳೆಪ್ಪ ಪಂಪು ಹೊತ್ತು ಬಂದ. ಅಜೀಜಾಬಿ ಮೊದಲು ಮುಖ ನೋಡಿದಳು.

“ರೊಟ್ಟಿ ಎಷ್ಟ ತಿಂದಿ?”

“ಮೂರು, ಚಾಚಿ!”

“ಹಂಗಾರ ತಗೋ.”

ಕೆಲಸ ಮುಗಿದ ಕೂಡಲೇ ಟ್ರಂಕಿಗೆ ಕೀಲಿ ಹಾಕಿ ಅವನೇ ಕೀಲಿಕೈ ತಂದುಕೊಟ್ಟ. “ನೀವ ಇಟ್ಗೋರಿ. ನಾ ಕೇಳಾಕ ಬಂದಾಗೆಲ್ಲಾ ಹಿಂಗ ಮಾರಿ ನೋಡಿ ಕೊಡ್ರಿ.”

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಡಬ್ಬಿ ಈಗ ಎಲ್ಲಿದೆ? ಎದ್ದು ನೋಡಿ, ಇವತ್ತೇ ಕೀಲಿ ಹಾಕಿ. ಕೀಲಿಕೈಯನ್ನು ನಿಮ್ಮ ಮುಖ ನೋಡಿ ಕೊಡುವವರ ಕೈಯಲ್ಲಿಡಿ. ಯಾರಾದರೂ ಬದುಕು ಸಾಕು ಎಂದರೆ ಗದರಬೇಡಿ. ಕೂರಿಸಿಕೊಂಡು ಕೇಳಿ, ಒಂಟಿ ಬಿಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ನೀವೇ ಅಂಥ ನೋವಿನಲ್ಲಿದ್ದರೆ ಯಾರದಾದರೂ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಹೇಳಿ. ಅವರು ಕೊಟ್ಟ ಚಾ ಮುಗಿಯುವ ತನಕ ಅಲ್ಲೇ ಕೂತಿರಿ.