ಗಂಜಿಗಿಂತ ಮೊದಲಿನ ಗುಳಿಗೆ

ಹೃದಯದ ಆಪರೇಷನ್‌ಗಾಗಿ ಬೊಂಗಿಮ್‌ಳ ಎದೆ ತೆರೆಯಬೇಕಿದ್ದ ದಿನ ಬೆಳಗ್ಗೆ, ಹೊದಿಕೆ ಸರಿಪಡಿಸಲು ಬಗ್ಗಿದ ತಂಗಿ ಮಕ್ದಲ್‌ಗೆ ಅಕ್ಕನ ಮುಷ್ಟಿ ಬಿಗಿಯಾಗಿರುವುದು ಕಂಡಿತು. ಬಿಡಿಸಿ ನೋಡಿದರೆ, ಆಗಷ್ಟೇ ನರ್ಸ್ ಕೊಟ್ಟು ಹೋಗಿದ್ದ ಬಿಳಿ ಗುಳಿಗೆ.

"ನುಂಗಿದೆ ಅಂದ್ಯಲ್ಲೇ ಅಕ್ಕಾ!"

"ಅನ್ನ ಉಂಡು ಅರ್ಧ ಗಂಟೆಗೆ ಗುಳಿಗೆ. ಅಮ್ಮ ಹೇಳಿದ್ದು ಮರೆತ್ಯಾ? ನಿನ್ನೆಯಿಂದ ಇವರು ನಂಗೆ ಒಂದು ತುತ್ತು ಕೊಟ್ಟಿಲ್ಲ. ಬರೀ ಹೊಟ್ಟೆಗೆ ಹಾಕಿದ್ರೆ ಕರುಳು ಸುಟ್ಟುಹೋಗ್ತದೆ."

ಬುಸಾನಿನ ಮೀನು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಅಕ್ಕಪಕ್ಕ ಕೂತು ಮೀನು ಮಾರಿದವರು ಅವರು. ಅಕ್ಕನ ಹಟ ಮಕ್ದಲ್‌ಗೆ ಹೊಸದಲ್ಲ. ಎಷ್ಟೋ ಸಲ ಸೋತು ಸುಮ್ಮನಾಗಿದ್ದಳು. ಈ ಸಲ ಸೋಲುವಂತಿರಲಿಲ್ಲ. ಮಕ್ದಲ್‌ಳ ಗಂಡನಿಗೂ ಇದೇ ಆಪರೇಷನ್ ಆಗಿತ್ತು. ಮೂರನೆಯ ದಿನ ಎದೆಬಡಿತ ಹದ ತಪ್ಪಿತು, ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಯಿತು, ಬಲಗೈ ಬಿದ್ದುಹೋಯಿತು. ಆಮೇಲೆ ಅವನು ಬದುಕಿದ್ದ ಆರು ವರ್ಷವೂ ಚಮಚ ಹಿಡಿದು ಉಣಿಸಿದವಳು ಅವಳೇ.

ಹೋಗಿ ನರ್ಸನ್ನು ಕರೆತಂದಳು.

"ಅಜ್ಜೀ, ವರ್ಷಗಳಿಂದ ನೀವು ತಗೊಳ್ತಿರೋ ಗುಳಿಗೇನೇ ಇದು," ಎಂದಳು ನರ್ಸ್. "ಇವತ್ತು ತಟ್ಟನೆ ಬಿಟ್ರೆ, ಆಪರೇಷನ್ ಆದ್ಮೇಲೆ ಎದೆ ಅಡ್ಡಾದಿಡ್ಡಿ ಬಡ್ಕೊಳ್ಳೋ ಭಯ ಜಾಸ್ತಿ. ಇದೊಂದಕ್ಕೆ ಒಂದು ಗುಟುಕು ನೀರು ಕುಡೀಬಹುದು."

"ಕೇಳಿಸ್ತಾ? ಇನ್ನೊಬ್ಬರಿಗೆ ಚಮಚ ಹಿಡಿಯೋ ಶಕ್ತಿ ನಂಗಿಲ್ಲ. ನುಂಗು," ಎಂದಳು ಮಕ್ದಲ್.

"ಹೊಟ್ಟೆ ಸುಟ್ರೆ?"

"ನನ್ನ ಬೈಯಿ. ಬೈಯೋಕೆ ಬಾಯಿ ಉಳೀಬೇಕಲ್ಲ!"

ಬೊಂಗಿಮ್ ಕಣ್ಣು ಮುಚ್ಚಿ ನುಂಗಿದಳು. ಮಕ್ದಲ್ ನಂಬಲಿಲ್ಲ.

"ಬಾಯಿ ತೆಗಿ. ನಾಲಿಗೆ ಎತ್ತು."

"ಹಳಸಿದ ಮೀನೇನೇ ನಾನು, ಕಿವಿರು ಬಿಡಿಸಿ ನೋಡೋಕೆ?"

ಆಪರೇಷನ್ ಮುಗಿಯಿತು. ಅಂದಿನಿಂದ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಇದೇ ತಪಾಸಣೆ. ಮೂರನೆಯ ದಿನ ಮಕ್ದಲ್ ಊಟಕ್ಕೂ ಏಳದೆ, ಎದೆಬಡಿತ ತೋರಿಸುವ ಪರದೆಯ ಹಸಿರು ಗೆರೆಯನ್ನೇ ನೋಡುತ್ತ ಕೂತಳು. ಗೆರೆ ಒಂದೇ ಸಮನೆ ಏರಿ ಇಳಿಯಿತು.

ನಾಲ್ಕನೆಯ ದಿನ ಗಂಜಿ ತಡವಾಯಿತು, ಗುಳಿಗೆ ಮೊದಲು ಬಂತು. ಮಕ್ದಲ್ ಜಗಳಕ್ಕೆ ತೋಳು ಏರಿಸುವಷ್ಟರಲ್ಲಿ ಬೊಂಗಿಮ್ ತಾನೇ ನುಂಗಿ ಬಾಯಿ ಅಗಲಿಸಿದಳು.

"ನೋಡ್ಕೋ. ತಾಜಾ ಮೀನಿನ ಹಂಗೆ ಕಿವಿರು ಕೆಂಪಗಿದೆಯಾ?"

"ಇದೆ."

"ಹಂಗಾದ್ರೆ ನನ್ನ ಗಂಜಿ ಎಲ್ಲಿ ಹೋಯ್ತು, ನೋಡ್ಕೊಂಡು ಬಾ."

ಮಕ್ದಲ್ ಪರದೆಯ ಕಡೆ ಇನ್ನೊಮ್ಮೆ ಕಣ್ಣು ಹಾಯಿಸಿ ಎದ್ದಳು.